ವೆಂಡೆಲ್‌ಗೆ ಬೇಕಾಗಿದ್ದ ಬೈಗುಳ

ಮೊದಲ ಪಂದ್ಯ ಸೋತ ಮರುದಿನ, ಭಾನುವಾರ, ಚರ್ಚು ಬಿಟ್ಟ ಮೇಲೆ ವೆಂಡೆಲ್ ಸ್ಪ್ರೂಯಿಲ್ ಮನೆ ಮುಂದೆ ಹೆಂಗಸರ ಸಾಲೇ ನಿಂತಿತ್ತು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಗಾಜಿನ ಪಾತ್ರೆ, ಅದರ ತುಂಬ ಚೀಸ್ ಹಾಕಿ ಬೇಯಿಸಿದ ಕೋಳಿ-ಅನ್ನ. ನಮ್ಮ ಲಾಫ್ಟನ್ನಿನಲ್ಲಿ ಆ ಅಡಿಗೆಯನ್ನು ಒಯ್ಯುವುದು ಸಾವಾದ ಮನೆಗೆ. ನಾನು ಒಯ್ಯಲಿಲ್ಲ. ನನ್ನದು ಹೋಟೆಲು, ಒಮ್ಮೆ ಬಿಟ್ಟಿ ಕೊಟ್ಟರೆ ಊರಿಗೇ ಅಭ್ಯಾಸವಾಗುತ್ತದೆ. ಆದರೆ ನನ್ನ ಮನೆ ಅವರ ಎದುರಿಗೇ ಇರುವುದರಿಂದ ಜಗಲಿಯಲ್ಲಿ ಕೂತು ಎಲ್ಲ ನೋಡಿದೆ.

ವೆಂಡೆಲ್ ಹೆಂಡತಿ ಮರ್ಲೀನ್ ಬಾಗಿಲಲ್ಲಿ ನಿಂತು, "ಯಾರೂ ಸತ್ತಿಲ್ಲ ಕಣ್ರೇ, ಪಂದ್ಯ ಸೋತಿದೀವಿ ಅಷ್ಟೇ" ಅಂತ ಹೇಳಿ ಹೇಳಿ ಸಾಕಾಗಿ, ಕೊನೆಗೆ ಸುಮ್ಮನೆ ಪಾತ್ರೆಗಳನ್ನು ಒಳಗಿಡತೊಡಗಿದಳು. ಪಾಸ್ಟರ್ ಹೆಂಡತಿ ಅವಳ ಕೈ ಹಿಡಿದುಕೊಂಡು, "ಧೈರ್ಯ ತಂದ್ಕೋ ತಾಯೀ. ಪಾಪ, ವೆಂಡೆಲ್ ತಾನೇ ಏನು ಮಾಡ್ತಾನೆ? ಕೋಚ್ ಇಲ್ಲದ ಟೀಮು" ಅಂದಳು.

ವೆಂಡೆಲ್ ಅಲ್ಲೇ ಪಕ್ಕದಲ್ಲಿ ನಿಂತಿದ್ದ. ಆ ಟೀಮಿನ ಕೋಚ್ ಅವನೇ.

ಏನು ಮಾಡುವುದು, ನಮ್ಮೂರಲ್ಲಿ ಕೋಚ್ ಅಂದರೆ ಒಬ್ಬರೇ, ಹೋರೆಸ್ ಟಾರ್ವರ್. ನನ್ನ ಮದುವೆಗೆ ಮುಂಚೆ ಲಾಫ್ಟನ್ ಕಾಲೇಜಿನ ಫುಟ್‌ಬಾಲ್ ಕೋಚ್ ಆಗಿ ಬಂದವರು, ನನ್ನ ಗಂಡನನ್ನು ಮಣ್ಣು ಮಾಡಿದ ಮೇಲೂ ಅದೇ ಕುರ್ಚಿಯಲ್ಲಿದ್ದರು. ಅವರು ಬರುವ ಮುನ್ನ ನಮ್ಮ ಟೀಮಿನ ಹೆಸರು ಹೇಳಿದರೆ ಅಲಬಾಮಾ ಪೂರ್ತಿ ನಗುತ್ತಿತ್ತು. ಹೆಸರೇ ಹಾಗಿದೆ ಅನ್ನಿ, ಲಾಫ್ಟನ್ ಹೇಸರಗತ್ತೆಗಳು. ಟಾರ್ವರ್ ಬಂದ ಮೇಲೆ ನಗು ನಿಂತಿತು. ಹೇಸರಗತ್ತೆ ಒದೆಯುತ್ತದೆ ಅಂತ ಎಲ್ಲರಿಗೂ ಗೊತ್ತಾಯಿತು.

ಒದೆಯುವುದೇ ಅವರ ಧರ್ಮವಾಗಿತ್ತು. ನಮ್ಮ ಫುಟ್‌ಬಾಲು ಚೆಂಡನ್ನು ಕೈಯಲ್ಲಿ ಹಿಡಿದು ಎದುರಿನವರನ್ನು ತಳ್ಳಿಕೊಂಡು ನುಗ್ಗುವ ಆಟ; ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಮೂರರಲ್ಲಿ ಆಗಲಿಲ್ಲವೋ, ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡಬಹುದು. ಇಲ್ಲವೇ ಧೈರ್ಯವಿದ್ದರೆ ಇನ್ನೊಂದು ಸಲ ತಳ್ಳಿ ನೋಡಬಹುದು. ತಳ್ಳಿ ಆಗದಿದ್ದರೆ ಚೆಂಡು ಇದ್ದ ಜಾಗದಲ್ಲೇ ಅವರ ಪಾಲು. ಟಾರ್ವರ್ ಜೀವಮಾನದಲ್ಲಿ ಒಂದು ಸಲವೂ ತಳ್ಳಿಸಲಿಲ್ಲ. "ನಾಲ್ಕನೇ ಸಲ ಒದ್ದುಬಿಡು" ಅನ್ನುವುದು ನಮ್ಮಲ್ಲಿ ಗಾದೆಯೇ ಆಗಿಹೋಯಿತು. ನನ್ನ ತಂಗಿ ಮೂವರು ಗಂಡಂದಿರನ್ನು ಕಂಡು ನಾಲ್ಕನೆಯವನನ್ನು ಕಟ್ಟಿಕೊಳ್ಳಲು ಹೊರಟಾಗ ಪಾಸ್ಟರ್ ಅವಳಿಗೆ ಹೇಳಿದ ಬುದ್ಧಿಮಾತೂ ಇದೇ.

ವೆಂಡೆಲ್ ನಮ್ಮೂರಲ್ಲೇ ಹುಟ್ಟಿದವನು. ಅವನ ತಾಯಿ ಕಾಲೇಜಿನ ಹುಡುಗರ ಕೆಸರು ಅಂಗಿ ಒಗೆಯುತ್ತಿದ್ದಳು; ಮಗ ದೊಡ್ಡವನಾಗಿ ಅದೇ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ನಿಂತು ಎದುರಿನವರನ್ನು ತಳ್ಳಿದ. ತಳ್ಳಿ ತಳ್ಳಿ ಮೂಗು ಸೊಟ್ಟ ಮಾಡಿಕೊಂಡ. ಓದು ಮುಗಿದ ಮೇಲೆ ಟಾರ್ವರ್ ಅವನನ್ನು ಸಹಾಯಕನಾಗಿ ಇಟ್ಟುಕೊಂಡರು. ವಾರವಿಡೀ ಮುಂದಿನ ಸಾಲಿನ ಹುಡುಗರಿಗೆ ತಳ್ಳುವುದನ್ನು ಕಲಿಸುವುದು, ಶನಿವಾರ ಪಂದ್ಯದ ಹೊತ್ತಿಗೆ ಕೋಚ್ ಹಿಂದೆ ವೈರು ಹಿಡಿದು ನಡೆಯುವುದು. ಮೇಲೆ ಕೂತು ಆಟ ನೋಡುವ ಸಹಾಯಕರ ಜೊತೆ ಮಾತಾಡಲು ಕೋಚ್ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿಗೆ ಮಾರುದ್ದದ ವೈರು; ಅವರು ಮೈದಾನದ ಅಂಚಿನಲ್ಲಿ ಅತ್ತಿತ್ತ ಓಡಾಡುವಾಗ ಕಾಲಿಗೆ ತೊಡರದಂತೆ ಯಾರಾದರೂ ಸುತ್ತುತ್ತ ಬಿಚ್ಚುತ್ತ ಬೆನ್ನಿಗಿರಬೇಕು. ಬೇರೆ ಕಡೆ ಅದು ಕಾಲೇಜು ಹುಡುಗರ ಕೆಲಸ. ಟಾರ್ವರ್‌ಗೆ ಮಾತ್ರ ವೆಂಡೆಲ್ ಹಿಡಿದರೇ ಸಮಾಧಾನ.

ಹತ್ತೊಂಬತ್ತು ವರ್ಷ ಹಿಡಿದ. ಟಾರ್ವರ್ ಅವರ ಯಾವ ಫೋಟೊ ನೋಡಿದರೂ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದಲ್ಲ, ಅದು ವೆಂಡೆಲ್. ಮನೆಯಲ್ಲಿ ಮರ್ಲೀನ್ ಕಸ ಹೀರುವ ಮಿಷನ್ ಹಾಕಿದರೆ ಇವನು ತನಗೇ ಗೊತ್ತಿಲ್ಲದೆ ಎದ್ದು ಹೋಗಿ ಅವಳ ಹಿಂದೆ ವೈರು ಸುತ್ತಲು ಶುರುಮಾಡುತ್ತಿದ್ದನಂತೆ.

ಮಂಡಿನೋವು ಅಂತ ಟಾರ್ವರ್ ನಿವೃತ್ತರಾದಾಗ ಕಾಲೇಜಿನವರು, "ಮುಂದೆ ಯಾರು?" ಅಂತ ಅವರನ್ನೇ ಕೇಳಿದರು. "ವೆಂಡೆಲ್‌ಗೆ ಕೊಡಿ. ಏನೂ ಕೆಡಿಸಲ್ಲ ಅವನು" ಅಂದರು ಅವರು. ಹೊಗಳಿಕೆಯೋ ತೆಗಳಿಕೆಯೋ ಯಾರೂ ವಿಚಾರಿಸಲು ಹೋಗಲಿಲ್ಲ.

ಸೋತಾಗ ಸಾವಿನ ಅಡಿಗೆ ಬಂತು ಅಂದೆನಲ್ಲ, ಗೆದ್ದಾಗ ಏನಾಯಿತು ಕೇಳಿ. ಮುಂದಿನ ಎರಡು ಪಂದ್ಯ ಗೆದ್ದೆವು. ಊರವರೆಲ್ಲ ಕಾರು ಹತ್ತಿ, ಹಾರ್ನ್ ಬಾರಿಸಿಕೊಂಡು, ವೆಂಡೆಲ್ ಮನೆ ಮುಂದೆಯೇ ಹಾದು ನೇರ ಪೈನ್ ರೋಡಿಗೆ ಹೋಗಿ ಟಾರ್ವರ್‌ಗೆ ಕೈಕುಲುಕಿ ಬಂದರು. "ಕೋಚ್ ಕಲ್ಸಿದ್ದು ಹುಡುಗ್ರಿಗೆ ಇನ್ನೂ ಮರ್ತಿಲ್ಲ" ಅಂತ ಹೆಮ್ಮೆ ಬೇರೆ. ವೆಂಡೆಲ್ ತನ್ನ ಮನೆ ಜಗಲಿಯಲ್ಲಿ ನಿಂತು ಹಾದುಹೋದ ಕಾರುಗಳಿಗೆಲ್ಲ ಕೈ ಬೀಸಿದ.

ಇನ್ನು ಸೋಮವಾರದ ರೇಡಿಯೋ. ಪ್ರತಿ ಸೋಮವಾರ ಸಂಜೆ ನನ್ನ ಹೋಟೆಲಿನಲ್ಲಿ, ಹೊಗೆಯಲ್ಲಿ ಬೇಯಿಸಿದ ಹಂದಿಮಾಂಸ ತಿನ್ನುತ್ತ ಜನ ಕೂತಿರುವಾಗ, ರೇಡಿಯೋದ ಡೆನ್ನಿ ಮೈಕು ಇಟ್ಟುಕೊಂಡು ಕೋಚ್ ಜೊತೆ ಮಾತಾಡುತ್ತಾನೆ. ಯಾರು ಬೇಕಾದರೂ ಫೋನ್ ಮಾಡಿ ಪ್ರಶ್ನೆ ಕೇಳಬಹುದು. ವೆಂಡೆಲ್ ಮೊದಲ ಸಲ ಆ ಕುರ್ಚಿಯಲ್ಲಿ ಕೂತ ದಿನ ಒಂದು ಫೋನ್ ಬಂತು.

"ಹಲೋ. ನಾನು ಎಡ್, ಪೈನ್ ರೋಡಿಂದ. ಸಾಧಾರಣ ರೈತ."

ಆ ಗೊಗ್ಗರು ದನಿ ಕೇಳಿದ್ದೇ ತಡ, ಹೋಟೆಲಿನಲ್ಲಿದ್ದ ಗಂಡಸರೆಲ್ಲ ಟೋಪಿ ತೆಗೆದರು. ಡೆನ್ನಿ ಎದ್ದೇ ನಿಂತ. ಪೈನ್ ರೋಡಿನಲ್ಲಿರುವುದು ಎರಡೇ: ಒಂದು ಸ್ಮಶಾನ, ಇನ್ನೊಂದು ಟಾರ್ವರ್ ಮನೆ. ಸ್ಮಶಾನದಿಂದ ಯಾರೂ ಫೋನ್ ಮಾಡುವುದಿಲ್ಲ.

"ಹೇಳಿ ಸರ್... ಅಲ್ಲ, ಹೇಳು ಎಡ್" ಅಂದ ಡೆನ್ನಿ.

"ನಂಗೇನೂ ಆಟ ಅಷ್ಟು ಗೊತ್ತಾಗಲ್ಲಪ್ಪ. ಆದ್ರೂ ಬಲಗಡೆ ಎರಡನೇ ಹುಡುಗ ಮಂಡಿ ಬಗ್ಗಿಸ್ತಾ ಇಲ್ಲ ಅನ್ಸುತ್ತೆ. ಎಡಗಡೆಯವನು ತಳ್ಳೋಕೆ ಮುಂಚೇನೇ ಕಣ್ಣು ಮುಚ್ತಾನೆ. ಮಂಗಳವಾರ ಅವರಿಬ್ಬರನ್ನೂ ಮರಳು ಚೀಲ ತಳ್ಳಿಸು. ಅಷ್ಟೇ, ಒಬ್ಬ ರೈತನಿಗೆ ತೋಚಿದ್ದು."

ಹಿಂದಿನಿಂದ ಹೆಂಗಸಿನ ದನಿ ಕೇಳಿಸಿತು. "ಹೋರೆಸ್, ಸೂಪು ತಣ್ಣಗಾಗ್ತಿದೆ. ಫೋನಿಡ್ತೀರೋ ಇಲ್ವೋ?"

"ಪಕ್ಕದ ಮನೆಯವರು" ಅಂದ ಎಡ್, ಫೋನಿಟ್ಟ.

ಟಾರ್ವರ್ ಹೆಂಡತಿ ಮಿಸ್ ಓಪಲ್ (ನಮ್ಮ ಕಡೆ ಮದುವೆಯಾದ ಹಿರಿಯರೂ ಮಿಸ್ಸೇ) ದನಿ ಗುರುತಿಸದ ಕಿವಿ ನಮ್ಮ ಕೌಂಟಿಯಲ್ಲೇ ಇಲ್ಲ. ಆದರೂ ಒಬ್ಬರೂ ತುಟಿ ಪಿಟ್ಟೆನ್ನಲಿಲ್ಲ. ದೊಡ್ಡವರು ತಾನು ಎಡ್ ಅಂದರೆ ಎಡ್. ಆಮೇಲೆ ಪ್ರತಿ ಸೋಮವಾರವೂ ಎಡ್ ಬಂದ, ಪ್ರತಿ ಸೋಮವಾರವೂ ಟೋಪಿಗಳು ಇಳಿದವು, ಪ್ರತಿ ಸೋಮವಾರವೂ ವೆಂಡೆಲ್, "ಆಯ್ತು ಎಡ್, ಹಾಗೇ ಮಾಡ್ತೀನಿ ಎಡ್" ಅಂದ.

ಒಂದು ಸಂಜೆ ಜನ ಹೋದ ಮೇಲೆ ಅವನು ಪೀಕನ್ ಬೀಜದ ಸಿಹಿ ಪೈ ಮುಂದಿಟ್ಟುಕೊಂಡು ತಿನ್ನದೆ ಕೂತಿದ್ದ.

"ಮಿಸ್ ನೆಟ್ಟಿ, ಬಾರ್ಲೋ ಊರಲ್ಲಿ ಅವ್ರ ಕೋಚ್ ಸೋತಾಗ ಕಾರಿಗೆ ಮೊಟ್ಟೆ ಹೊಡೆದ್ರಂತೆ" ಅಂದ. ಹೊಟ್ಟೆಕಿಚ್ಚು ಮುಖದಲ್ಲೇ ಕಾಣುತ್ತಿತ್ತು.

"ನಿನ್ನ ಕಾರಿಗೆ ಹೊಡೀಲಿಲ್ಲ ಅಂತ ಬೇಜಾರಾ?"

"ಹೂಂ. ನಂಗೆ ಒಬ್ರೂ ಬೈಯಲ್ಲ ಮಿಸ್ ನೆಟ್ಟಿ. ಸೋತ್ರೆ ಪಾಪ ಅಂತಾರೆ, ಗೆದ್ರೆ ಕೋಚ್ ಪುಣ್ಯ ಅಂತಾರೆ. ಬೈಯೋದು ಯಾರನ್ನ ಹೇಳಿ? ಲೆಕ್ಕಕ್ಕಿಟ್ಟುಕೊಂಡವ್ರನ್ನ. ಗ್ಯಾಲರಿಯಿಂದ ಒಬ್ಬ, ಒಬ್ಬನೇ ಒಬ್ಬ, ಎದ್ದು ನಿಂತು ನನ್ನ ಹೆಸರು ಹಿಡಿದು ಬೈದ್ರೆ ಸಾಕು. ಆಗ ಈ ಟೀಮು ನಂದು ಅಂತ ನಂಬ್ತೀನಿ."

"ಇಲ್ದಿದ್ರೆ?"

"ಮೊಬೀಲ್ ಪಟ್ಟಣದಲ್ಲಿ ಮರ್ಲೀನ್ ಅಣ್ಣನ ಹಾಸಿಗೆ ಅಂಗಡಿ ಇದೆ. ಬಾ ಅಂತಿದಾನೆ. ಬಾರ್ಲೋ ಪಂದ್ಯ ಮುಗೀಲಿ, ಹೊರಟುಹೋಗ್ತೀನಿ. ಹಾಸಿಗೆ ಸರಿಯಿಲ್ಲ ಅಂದ್ರೆ ಜನ ಮಾರಿದವನಿಗೇ ಬೈತಾರಲ್ಲ."

ಇವನಿಗೆ ತಲೆಗಿಲೆ ಕೆಟ್ಟಿದೆಯಾ ಅನ್ನಿಸಿತು. ಆಮೇಲೆ ಅವನ ಮುಖ ನೋಡಿದೆ. ತಮಾಷೆಗೆ ಹೇಳುತ್ತಿರಲಿಲ್ಲ.

ಅಲ್ಲಿಂದಾಚೆ ಬೈಗುಳ ಸಂಪಾದಿಸಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಹುಡುಗರ ಕಾಲುಚೀಲದ ಬಣ್ಣ ಬದಲಿಸಿದ. ಹಳದಿ. ನೋಡಿದರೆ ಕಣ್ಣು ಉರಿಯುವಂಥ ಹಳದಿ. "ಪಾಪ, ಕೋಚ್ ಹೋದ ದುಃಖದಲ್ಲಿ ಏನ್ ಮಾಡ್ತಿದೀನಿ ಅಂತಾನೇ ಗೊತ್ತಾಗ್ತಿಲ್ಲ ಅವನಿಗೆ" ಅಂದರು ಜನ. ಬುಧವಾರ ಸಂಜೆ, ಊರಿಗೆ ಊರೇ ಪ್ರಾರ್ಥನೆಗೆ ಹೋಗುವ ಹೊತ್ತಿಗೆ, ಹುಡುಗರನ್ನು ಮೈದಾನಕ್ಕೆ ಕರೆಸಿದ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ; ಕೊಲೆ ಮಾಡುವವನೂ ಬುಧವಾರ ಸಂಜೆ ಬಿಟ್ಟು ಮಾಡುತ್ತಾನೆ. ಪಾಸ್ಟರ್ ಬೈದರಾ? ಇಲ್ಲ. ಇಡೀ ಸಭೆಯನ್ನು ಎದ್ದು ನಿಲ್ಲಿಸಿ ವೆಂಡೆಲ್ ಹೆಸರಲ್ಲಿ ವಿಶೇಷ ಪ್ರಾರ್ಥನೆ ಮಾಡಿಸಿದರು. ಮೈದಾನ ಚರ್ಚಿನ ಹಿಂದೆಯೇ. ಕಿಟಕಿಯಿಂದ ತೇಲಿಬಂದ ತನ್ನ ಹೆಸರು ಕೇಳಿ ವೆಂಡೆಲ್ ಸೀಟಿಯನ್ನು ನೆಲಕ್ಕೆ ಬಿಸಾಡಿದನಂತೆ.

ಹೀಗಿರುವಾಗ ಬಾರ್ಲೋ ಪಂದ್ಯ ಬಂತು.

ಬಾರ್ಲೋ ಅಂದರೆ ನಮಗೆ ಹುಟ್ಟು ವೈರಿ. ಎರಡು ಊರಿನ ನಡುವೆ ಒಂದು ಹೊಳೆ, ಹೊಳೆಗಿಂತ ಆಳವಾದ ದ್ವೇಷ. ಬಾರ್ಲೋದವನನ್ನು ಮದುವೆಯಾದ ಹುಡುಗಿಗೆ ನಮ್ಮಲ್ಲಿ ಬಾಣಂತನವಿಲ್ಲ. ಅವತ್ತು ಇಡೀ ಊರು ಗ್ಯಾಲರಿಯಲ್ಲಿತ್ತು. ನಾನೂ ಹೋಟೆಲಿಗೆ ಬೀಗ ಹಾಕಿ ಬೇಯಿಸಿದ ಕಡಲೇಕಾಯಿ ಚೀಲ ಹಿಡಿದು ಮುಂದಿನ ಸಾಲಿನಲ್ಲೇ ಕೂತಿದ್ದೆ.

ಆಟ ಮುಗಿಯಲು ಸ್ವಲ್ಪವೇ ಹೊತ್ತು. ನಾವು ಮೂರು ಪಾಯಿಂಟ್ ಮುಂದೆ. ಚೆಂಡು ನಮ್ಮ ಕೈಯಲ್ಲೇ, ಆದರೆ ನಾವು ಕಾಯಬೇಕಾದ ಗೋಲ್ ಗೆರೆಯ ಹತ್ತಿರ. ಮೂರು ಅವಕಾಶ ಮುಗಿದಿತ್ತು. ಇನ್ನು ಬೇಕಾಗಿದ್ದು ಒಂದೇ ಗಜ. ನಾಲ್ಕನೇ ಸಲ. ಇದರಲ್ಲಿ ಯೋಚಿಸುವುದೇನಿದೆ? ಒದೆಯುವ ಹುಡುಗ ಯಾರೂ ಹೇಳದೆ ತಾನೇ ಎದ್ದು ಮೈದಾನಕ್ಕೆ ಓಡಿದ. ಗ್ಯಾಲರಿಯವರು ಮೇಲುಹೊದಿಕೆ ಮಡಚಿಕೊಳ್ಳಲು ಶುರುಮಾಡಿದರು.

ವೆಂಡೆಲ್ ಆ ಹುಡುಗನ ಅಂಗಿ ಹಿಡಿದು ವಾಪಸ್ ಎಳೆದ. ತನ್ನ ಮುಂದಿನ ಸಾಲಿನ ಹುಡುಗರನ್ನು ಕರೆದು ಏನೋ ಹೇಳಿದ. ಗ್ಯಾಲರಿಯಲ್ಲಿ ಮುಂದೆಯೇ ಕೂತಿದ್ದ ನನಗೆ ಅದು ಕೇಳಿಸಿತು.

"ಒಂದು ಗಜ ಕಣ್ರೋ. ನೀವು ತಳ್ತೀರಿ ಅಂತ ನಂಗೊತ್ತು. ಹತ್ತೊಂಬತ್ತು ವರ್ಷದಿಂದ ಗೊತ್ತು. ಯಾರೂ ನನ್ನ ಕೇಳ್ಲಿಲ್ಲ ಅಷ್ಟೇ."

ಬೈಗುಳದಾಸೆಗೆ ಮಾಡಿದ್ದಲ್ಲ ಅದು. ಬೈಗುಳದ ನೆನಪೂ ಅವನಿಗಿರಲಿಲ್ಲ ಆಗ. ಅವನಿಗೆ ನಿಜವಾಗಿ ನಂಬಿಕೆಯಿತ್ತು.

ಹುಡುಗರು ತಳ್ಳಿದರು. ಎಡಗಡೆಯವನು ಕಣ್ಣು ಮುಚ್ಚಿದ. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದರು. ಅಂಪೈರು ಬಂದು ಅಳೆದು ನೋಡಿದರೆ ಅಂಗೈ ಅಗಲದಷ್ಟು ಕಡಿಮೆ. ಚೆಂಡು ಬಾರ್ಲೋ ಪಾಲಾಯಿತು. ಮೊದಲ ನುಗ್ಗಿಗೇ ಅವರು ನಮ್ಮ ಗೆರೆ ದಾಟಿದರು, ಗೆದ್ದರು, ನಮ್ಮ ಮೈದಾನದಲ್ಲೇ ಕುಣಿದರು.

ನನಗೆ ಮೈಮೇಲೆ ಏನು ಬಂತೋ ಗೊತ್ತಿಲ್ಲ. ಕಡಲೇಕಾಯಿ ಚೀಲ ಎತ್ತಿ ಒಗೆದೆ. "ಏ ವೆಂಡೆಲ್ ಸ್ಪ್ರೂಯಿಲ್, ನಿನ್ನ ತಲೇಲಿ ಮಿದುಳಿದೆಯೋ ಸಗಣಿಯೋ? ನಾಲ್ಕನೇ ಸಲ ಒದೀಬೇಕು ಅಂತ ನನ್ನ ತಂಗಿಗೂ ಗೊತ್ತಲ್ಲೋ" ಅಂತ ಗಂಟಲು ಹರಿಯುವಂತೆ ಕೂಗಿದೆ. ಒಂದು ಗಳಿಗೆ ಗ್ಯಾಲರಿ ಬೆಚ್ಚಿ ನನ್ನನ್ನು ನೋಡಿತು. ಆಮೇಲೆ ಕಟ್ಟೆ ಒಡೆಯಿತು. ಪಾಸ್ಟರ್ ಹೆಂಡತಿ ಬಾಯಲ್ಲಿ ಬಂದ ಮಾತನ್ನು ನಾನಿಲ್ಲಿ ಹೇಳುವ ಹಾಗಿಲ್ಲ.

ವೆಂಡೆಲ್ ತಿರುಗಿ ಗ್ಯಾಲರಿ ಕಡೆ ನೋಡಿದ. ಸೋತ ಹುಡುಗರನ್ನು ಕಂಡು ಕಣ್ಣಲ್ಲಿ ನೀರಿತ್ತು. ಆದರೂ ಬೆನ್ನು ಮಾತ್ರ ನೆಟ್ಟಗಿತ್ತು.

ಬೆಳಗಾಗುವುದರಲ್ಲಿ ಅವನ ಮನೆಯ ಹುಲ್ಲಿನ ಮೇಲೆ "ಮಾರಾಟಕ್ಕಿದೆ" ಅನ್ನುವ ಬೋರ್ಡುಗಳು ಎದ್ದು ನಿಂತಿದ್ದವು. ಕೋಚ್ ಊರು ಬಿಟ್ಟು ತೊಲಗಲಿ ಅಂತ ಹೇಳಲು ನಮ್ಮ ಕಡೆ ಮಾಡುವುದೇ ಹಾಗೆ. ಬೋರ್ಡು ನಿಜವೆಂದು ನಂಬಿ ಮಾಂಟ್ಗಾಮರಿ ಕಡೆಯ ಗಂಡಹೆಂಡತಿ ಕಾರು ನಿಲ್ಲಿಸಿ ಮನೆ ನೋಡಲು ಬಂದರು; ಮರ್ಲೀನ್ ಅವರಿಗೆ ಐಸ್ ಟೀ ಕೊಟ್ಟು, ಅಡಿಗೆಮನೆ ತೋರಿಸಿ, ಇದು ಮಾರೋದಿಲ್ಲ ಅಂತ ಹೇಳಿ ಕಳಿಸಿದಳು. ಕೋಳಿ-ಅನ್ನ ತಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲು ಬಡಿದು, "ನನ್ನ ಪಾತ್ರೆ ಕೊಡು" ಅಂದರು. ವೆಂಡೆಲ್ ತಾನೇ ತೊಳೆದು, ಒರೆಸಿ, ನಗುನಗುತ್ತ ಕೊಟ್ಟ. ಅದನ್ನು ಕಂಡು ಅವರ ಸಿಟ್ಟು ಇನ್ನೂ ಏರಿತು.

ಸೋಮವಾರ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡೆನ್ನಿಗೆ ಫೋನ್ ಎತ್ತಿ ಎತ್ತಿ ಕೈ ಸೋತಿತು.

"ವೆಂಡೆಲ್, ನೀನೊಬ್ಬ ಶತಮೂರ್ಖ" ಅಂದ ಒಬ್ಬ.

"ಫೋನ್ ಮಾಡಿದ್ದಕ್ಕೆ ಥ್ಯಾಂಕ್ಸ್" ಅಂದ ವೆಂಡೆಲ್.

"ನಿನ್ನಿಂದಾಗಿ ನಮ್ಮಜ್ಜಿಗೆ ಬಿಪಿ ಏರಿದೆ" ಅಂದಳು ಇನ್ನೊಬ್ಬಳು.

"ಅಜ್ಜಿಗೆ ನನ್ನ ನಮಸ್ಕಾರ ಹೇಳಿ."

ಹೊಸ ಮದುಮಗನ ಕಳೆ ಬಂದಿತ್ತು ಅವನ ಮುಖಕ್ಕೆ. ಮರ್ಲೀನ್ ಮೂಲೆಯಲ್ಲಿ ಕೂತು, ಒಂದೊಂದು ಬೈಗುಳಕ್ಕೂ ತಲೆದೂಗುತ್ತಿದ್ದಳು. ಆಗ ಮತ್ತೆ ಫೋನ್ ಹೊಡೆಯಿತು.

"ನಾನು ಎಡ್, ಪೈನ್ ರೋಡಿಂದ."

ಟೋಪಿಗಳು ಇಳಿದವು.

"ಎಲ್ರೂ ಕೇಳಿಸ್ಕೊಳ್ಳಿ" ಅಂದ ಎಡ್. "ಸಂಜೆಯಿಂದ ಈ ಹುಡುಗನ್ನ ಹರಿದು ತಿಂತಿದೀರಿ. ತಪ್ಪು ಅವನದಲ್ಲ. ಅವನಿಗೆ ಕಲಿಸ್ದೋರು ಯಾರು? ಟಾರ್ವರ್. ಈ ಕೆಲ್ಸ ಕೊಡಿಸ್ದೋರು ಯಾರು? ಟಾರ್ವರ್. ಬೈಯೋದಿದ್ರೆ ಆ ಟಾರ್ವರ್‌ಗೆ ಬೈರಿ. ವೆಂಡೆಲ್ ಪಾಪದವನು, ಬಿಟ್ಬಿಡಿ ಅವನ್ನ."

ದೊಡ್ಡ ಮನಸ್ಸಿನ ಮಾತು. ಕೇಳಿದ್ದೇ ತಡ, ಹೋಟೆಲಿನ ಕಾವೆಲ್ಲ ಇಳಿದುಹೋಯಿತು. "ಅದೂ ನಿಜಾನೇ" ಅಂದರು ಯಾರೋ. "ಪಾಪ" ಅಂದಳು ಪಾಸ್ಟರ್ ಹೆಂಡತಿ. ನಾನು ವೆಂಡೆಲ್ ಮುಖ ನೋಡಿದೆ. ಜೀವಮಾನದಲ್ಲಿ ಮೊದಲ ಸಲ ಸ್ವಂತಕ್ಕೆ ಅಂತ ಸಿಕ್ಕಿದ್ದನ್ನು ಯಾರೋ ಕೈಯಿಂದ ಕಿತ್ತುಕೊಳ್ಳುತ್ತಿದ್ದರು. ಈಗಲೂ "ಆಯ್ತು ಎಡ್" ಅಂದನೋ, ಮುಗಿಯಿತು, ನಾಳೆಯೇ ಮೊಬೀಲ್ ಬಸ್ಸು ಹತ್ತುತ್ತಾನೆ.

ವೆಂಡೆಲ್ ಡೆನ್ನಿ ಕೈಯಿಂದ ಮೈಕು ಎಳೆದುಕೊಂಡ.

"ಇಲ್ಲ" ಅಂದ. "ಆ ಸೋಲು ನಂದು."

"ಹಂಗಲ್ಲಪ್ಪ ವೆಂಡೆಲ್..."

"ನನ್ನ ಮಾತು ಮುಗೀಲಿ. ಹಿಂದಿನ ಗೆಲುವೆಲ್ಲ ಟಾರ್ವರ್ ಅವ್ರದ್ದಾಯ್ತು, ಸೋಲು ಅವ್ರಿಲ್ಲದ್ದಕ್ಕೆ ಅಂತಾಯ್ತು, ನಾನು ತುಟಿ ಬಿಚ್ಚಲಿಲ್ಲ. ಇದನ್ನ ಮಾತ್ರ ಕೊಡಲ್ಲ. ಒದಿಯೋನನ್ನ ವಾಪಸ್ ಎಳೆದೋನು ನಾನು. ತಳ್ಳಿ ಅಂದೋನು ನಾನು. ತಳ್ಳಿ ಬಿದ್ದೋರು ನಾನು ತಯಾರು ಮಾಡಿದ ಹುಡುಗ್ರು. ಮುಂದಿನ ಶನಿವಾರ ಒಂದು ಗಜ ಬಾಕಿ ಇದ್ರೆ ಮತ್ತೆ ತಳ್ಳಿಸ್ತೀನಿ. ಬೈಯೋದಿದ್ರೆ ನಂಗೆ ಬೈರಿ. ಇಲ್ದಿದ್ರೆ ಫೋನಿಡಿ, ಬೇರೆಯವ್ರು ಕಾಯ್ತಿದಾರೆ."

ಟಾರ್ವರ್‌ಗೆ ಫೋನಿಡು ಅಂದವರನ್ನು ನಾನು ಅವತ್ತಿನವರೆಗೆ ಕಂಡಿರಲಿಲ್ಲ. ಪಾಸ್ಟರ್ ಕಣ್ಣು ಮುಚ್ಚಿಕೊಂಡರು. ಫೋನಿನ ಆ ಕಡೆಯಿಂದ ಮಿಸ್ ಓಪಲ್ ದನಿ ಮೆಲ್ಲಗೆ ಕೇಳಿಸಿತು. "ಏನಂದ ರೀ ಅವನು?" ಟಾರ್ವರ್ ಉಸಿರು ಬಿಡುವ ಸದ್ದು ರೇಡಿಯೋದಲ್ಲಿ ಊರಿಗೆಲ್ಲ ಕೇಳಿಸುತ್ತಿತ್ತು.

ಆಮೇಲೆ ಆ ಗೊಗ್ಗರು ದನಿ ಹೇಳಿತು, "ಡೆನ್ನಿ, ನಾನು ಎಡ್ ಅಲ್ಲ ಕಣಪ್ಪ. ಹೋರೆಸ್ ಟಾರ್ವರ್."

ಇಡೀ ಹೋಟೆಲು "ಹೌದಾ" ಅಂತ ಬಾಯಿ ತೆರೆದು ಆಶ್ಚರ್ಯಪಟ್ಟಿತು. ನಾವು ಮರ್ಯಾದಸ್ಥ ಜನ.

ಡೆನ್ನಿಗೆ ಕಕ್ಕಾಬಿಕ್ಕಿಯಾಗಿ, ಹೊಸದಾಗಿ ಫೋನ್ ಮಾಡಿದವರನ್ನೆಲ್ಲ ಕೇಳುವ ಮಾತೇ ಬಾಯಿಗೆ ಬಂತು. "ಕೇಳುಗರಿಗೆ ನಿಮ್ಮ ಪರಿಚಯ ಹೇಳ್ತೀರಾ ಸರ್?"

"ಪರಿಚಯ ಏನಿದೆಯಪ್ಪ" ಅಂದರು ಟಾರ್ವರ್. "ಮೊದಲು ಇಲ್ಲಿ ಕೋಚ್ ಆಗಿದ್ದೆ."

ಮರ್ಲೀನ್ ಕರವಸ್ತ್ರ ಬಾಯಿಗೆ ಒತ್ತಿಕೊಂಡಳು.

"ಈಗಿರೋ ಕೋಚ್‌ನ ಒಂದು ಮಾತು ಕೇಳ್ಬೇಕಿತ್ತು" ಅಂದರು ಅವರು.

"ಕೇಳಿ ಸರ್" ಅಂದ ವೆಂಡೆಲ್.

"ಎದುರಿಗೆ ಬಾರ್ಲೋ. ಮೂರು ಪಾಯಿಂಟ್ ಮುಂದಿದೀಯ. ನಾಲ್ಕನೇ ಸಲ." ದನಿ ಏರುತ್ತ ಏರುತ್ತ ಮೈದಾನದ ಹಳೇ ಗುಡುಗಿಗೆ ಬಂದಿತ್ತು. "ಬುದ್ಧಿ ಎಲ್ಲಿಟ್ಟಿದ್ದೆ ಕೋಚ್, ಬಾಡಿಗೆಗೆ ಕೊಟ್ಟಿದ್ಯಾ?"

ವೆಂಡೆಲ್ ಅಂಗಿ ತೋಳಿನಿಂದ ಕಣ್ಣೊರೆಸಿಕೊಂಡ. ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡು, "ಹೇಳ್ತೀನಿ ಸರ್" ಅಂತ ಶುರುಮಾಡಿದ. ಇಬ್ಬರೂ ಒಬ್ಬರ ಮೇಲೊಬ್ಬರು ಏರಿ ಜಗಳವಾಡುತ್ತಿದ್ದಂತೆ ಜನ ಒಬ್ಬೊಬ್ಬರಾಗಿ ಟೋಪಿ ಹಾಕಿಕೊಂಡು ಊಟಕ್ಕೆ ಕೈಹಾಕಿದರು.